ಕಪ್ಪುದ್ರವ್ಯ ಆವರಿಸಿದ ಕಪ್ಪುಕುಳಿ

ಕಪ್ಪುದ್ರವ್ಯ ಆವರಿಸಿದ ಕಪ್ಪುಕುಳಿ: ಕಣ್ಣಿಗೆ ಕಾಣದ, ಗುರುತ್ವದಿಂದಷ್ಟೇ ಇರವು ತೋರುವ ದ್ರವ್ಯದ ನಡುವೆ ಕಪ್ಪುಕುಳಿಯನ್ನಿಟ್ಟು ಲೆಕ್ಕಹಾಕುವ ಸೈದ್ಧಾಂತಿಕ ಮಾದರಿ. 1916ರಲ್ಲಿ ಕಾರ್ಲ್ ಶ್ವಾರ್ಜ್‌ಶಿಲ್ಡ್ ಪ್ರಕಟಿಸಿದ ಪರಿಹಾರದಲ್ಲಿ ಕಪ್ಪುಕುಳಿಯ ಸುತ್ತ ಬರೀ ಶೂನ್ಯ. ನಿಜದಲ್ಲಿ ದೈತ್ಯ ಕಪ್ಪುಕುಳಿಗಳು ಗ್ಯಾಲಕ್ಸಿಗಳ ನಡುಭಾಗದಲ್ಲಿವೆ, ಅಲ್ಲಿ ಶೂನ್ಯವೆಲ್ಲಿಯದು?

ಕ್ಷೀರಪಥದ ಕೇಂದ್ರದ ಕಪ್ಪುಕುಳಿ ಸುಮಾರು 40 ಲಕ್ಷ ಸೂರ್ಯರಷ್ಟು ತೂಗುತ್ತದೆ. ಅದು ನಿಧಾನವಾಗಿ ಬೆಳೆದಿದ್ದರೆ ಸುತ್ತಲಿನ ಕಪ್ಪುದ್ರವ್ಯ ಒಳಕ್ಕೆ ಜಗ್ಗಿ, ಚೂಪಾದ ಶಿಖರದಂತೆ ದಟ್ಟೈಸಿರಬೇಕು ಎಂದು 1999ರಲ್ಲಿ ಪಾವ್ಲೊ ಗೊಂಡೊಲೊ, ಜೋಸೆಫ್ ಸಿಲ್ಕ್ ತೋರಿಸಿದರು.

ಈ ಚಿಂತನೆಯಲ್ಲಿ ಕನ್ನಡನಾಡಿನ ಪಾಲೂ ಇದೆ. ಬೆಂಗಳೂರಿನಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ (1938–2017), ಕದಡಿದ ಕಪ್ಪುಕುಳಿ ತನ್ನದೇ ಕಂಪನಾಂಕದಲ್ಲಿ ಮಿಡಿದು ಅಡಗುತ್ತದೆ ಎಂದು 1970ರಲ್ಲೇ ಲೆಕ್ಕದಿಂದ ಕಂಡರು. 2000ರಲ್ಲಿ ಅವರು ರಾಜೇಶ್ ನಾಯಕ್, ಮಾಲ್ಕಮ್ ಮ್ಯಾಕಲಮ್ ಅವರ ಜೊತೆಗೂಡಿ, ದ್ರವ್ಯ ತುಂಬಿದ ಐನ್‌ಸ್ಟೈನ್ ವಿಶ್ವದೊಳಗೆ ಕಪ್ಪುಕುಳಿಯನ್ನಿಟ್ಟು ಪರಿಶೀಲಿಸಿದರು.

ಕದಡಿದ ಕಪ್ಪುಕುಳಿಯ ಮಿಡಿತಕ್ಕೆ ಕನ್ನಡನಾಡಲ್ಲೇ ಒಂದು ಹೋಲಿಕೆ ಇದೆ. ವಿಜಯಪುರದ ಗೋಳಗುಮ್ಮಟದ ಪಿಸುಗುಡುವ ಮೊಗಸಾಲೆಯಲ್ಲಿ ಒಂದು ಚಪ್ಪಾಳೆ ಮತ್ತೆ ಮತ್ತೆ ಮಾರ್ದನಿಸಿ ಕ್ಷೀಣಿಸುತ್ತದೆ. ಆ ದನಿಯಲ್ಲಿ ಗುಮ್ಮಟದ ಆಕಾರವೂ ಇದೆ, ಒಳಗೆ ತುಂಬಿದ ಗಾಳಿಯ ಗುಣವೂ ಇದೆ.

ಕಪ್ಪುದ್ರವ್ಯದ ಮಾದರಿಗಳು ಹೇಳುವುದೂ ಅದನ್ನೇ: ಸುತ್ತಲಿನ ದ್ರವ್ಯ ಕಪ್ಪುಕುಳಿಯ ಮಿಡಿತವನ್ನೂ ಬೆಳಕಿನ ನಡುವೆ ಕಾಣುವ ಅದರ ನೆರಳಿನ ಅಳತೆಯನ್ನೂ ತುಸು ಬದಲಿಸುತ್ತದೆ.

2015ರ ಸೆಪ್ಟೆಂಬರ್ 14ರಂದು ಲೈಗೊ ಉಪಕರಣಗಳು ಎರಡು ಕಪ್ಪುಕುಳಿಗಳ ವಿಲೀನದಿಂದ ಎದ್ದ ಗುರುತ್ವದ ಅಲೆಯನ್ನು ಹಿಡಿದವು. ಕಪ್ಪುದ್ರವ್ಯದ ಖಚಿತ ಗುರುತು ಮಾತ್ರ ಇಂಥ ಅಲೆಗಳಲ್ಲಿ ಇನ್ನೂ ಸಿಕ್ಕಿಲ್ಲ.