ವಾರಿಯರ್‌ನ ಕೋಪದ ಲೆಕ್ಕ

'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಶುರುವಾಗಿ ಒಂದೆರಡು ವರ್ಷವಾಗಿದ್ದ ಕಾಲದಲ್ಲಿ ವಾರಿಯರ್ ಎಂದರೆ ಗುರಾಣಿ ಹಿಡಿದು ರಾಕ್ಷಸನ ಎದುರು ನಿಂತು ಏಟು ತಿನ್ನುವವನು. ಆಟಗಾರರ ಮಾತಿನಲ್ಲಿ 'ಟ್ಯಾಂಕ್'. ಬಹುಪಾಲು ತಂಡಗಳು ಅವನನ್ನು ಕರೆಯುತ್ತಿದ್ದುದೇ ಆ ಕೆಲಸಕ್ಕೆ. 2019ರ ಆಗಸ್ಟ್‌ನಲ್ಲಿ ಬ್ಲಿಝಾರ್ಡ್ ಕಂಪನಿ ಅದೇ ಹಳೆಯ ಆಟವನ್ನು 'ಕ್ಲಾಸಿಕ್' ಹೆಸರಿನಲ್ಲಿ ಮತ್ತೆ ತೆರೆಯಿತು. ನೋಡನೋಡುತ್ತಿದ್ದಂತೆ ಎರಡು ಕೈಯಲ್ಲೂ ಆಯುಧ ಹಿಡಿದ 'ಫ್ಯೂರಿ' ವಾರಿಯರ್ ಡ್ಯಾಮೇಜ್ ಪಟ್ಟಿಯ ತುದಿಗೇರಿ ಕೂತ. ನಲವತ್ತು ಜನ ಒಟ್ಟಾಗಿ ದೊಡ್ಡ ರಾಕ್ಷಸರ ಮೇಲೆ ಏರಿಹೋಗುವ ರೇಡ್‌ಗೆ ಹತ್ತು ಹನ್ನೆರಡು ವಾರಿಯರ್‌ಗಳನ್ನು ತುಂಬಿಕೊಂಡು ಹೋಗುವ ತಂಡಗಳೂ ಹುಟ್ಟಿಕೊಂಡವು.

ನನ್ನನ್ನು ಹಳೆಯ ದಾಖಲೆಗಳ ಕಡೆಗೆ ಎಳೆದದ್ದು ಇದರ ಹಿಂದಿನ ಒಗಟು. 2018ರಲ್ಲೇ ಕಂಪನಿ ಹೇಳಿತ್ತು: ಕ್ಲಾಸಿಕ್‌ನ ಆಧಾರ 2006ರ ಆಗಸ್ಟ್‌ನಲ್ಲಿ ಬಂದ 1.12 ಪ್ಯಾಚ್. ಅಂದರೆ ವಾರಿಯರ್‌ನ ಅಂಕಿಗಳು ಹದಿಮೂರು ವರ್ಷ ಹಿಂದೆ ಇದ್ದವೇ. ಅವನಿಗೆ ಯಾರೂ ಹೊಸದಾಗಿ ಬಲ ತುಂಬಿಲ್ಲ. ಹಾಗಾದರೆ ಬದಲಾದದ್ದೇನು?

ಮೊದಲು ತೆರೆದದ್ದು ಪ್ಯಾಚ್ ಟಿಪ್ಪಣಿಗಳನ್ನು. ಪ್ರತಿ ಪರಿಷ್ಕರಣೆಯ ಜೊತೆ ಕಂಪನಿ ಹೊರಡಿಸುವ ಈ ಪಟ್ಟಿಗಳು ಸರ್ಕಾರಿ ಸುತ್ತೋಲೆಗಳಿದ್ದ ಹಾಗೆ: ಏನು ಬದಲಾಯಿತೆಂದು ಹೇಳುತ್ತವೆ, ಏಕೆ ಎಂಬುದನ್ನು ಅಪರೂಪಕ್ಕೆ ಹೇಳುತ್ತವೆ, ಏನು ಹಾಗೆಯೇ ಉಳಿಯಿತೆಂದು ಎಂದೂ ಹೇಳುವುದಿಲ್ಲ.

ಅವುಗಳಲ್ಲಿ ವಾರಿಯರ್‌ಗೆ ತಗುಲಿದ ಮೊದಲ ದೊಡ್ಡ ಕತ್ತರಿ 2005ರದ್ದು. ಆಗಿನ ಆಟದಲ್ಲಿ 14 ಅಟ್ಯಾಕ್ ಪವರ್‌ಗೆ ಸೆಕೆಂಡಿಗೆ 1 ಡ್ಯಾಮೇಜ್. ಅದನ್ನು ಆಯುಧದ ವೇಗದಿಂದ ಗುಣಿಸಿದರೆ ಒಂದು ಏಟಿಗೆ ಸೇರುವ ಹೆಚ್ಚುವರಿ ಬಲ ಸಿಗುತ್ತಿತ್ತು. 3.8 ಸೆಕೆಂಡಿಗೊಮ್ಮೆ ಬೀಸುವ 'ಆರ್ಕನೈಟ್ ರೀಪರ್' ಕೊಡಲಿಗೆ ಆ ದಿನಗಳಲ್ಲಿ ಅಷ್ಟೊಂದು ಬೆಲೆ ಇದ್ದದ್ದು ಇದಕ್ಕೇ. 1000 ಅಟ್ಯಾಕ್ ಪವರ್ ಇದ್ದವನ ತಕ್ಷಣದ ಏಟಿಗೆ, ಅಂದರೆ ಗುಂಡಿ ಒತ್ತಿದೊಡನೆ ಬೀಳುವ ಏಟಿಗೆ, ಅದು ಸುಮಾರು 271 ಡ್ಯಾಮೇಜ್ ಸೇರಿಸುತ್ತಿತ್ತು. 2005ರ ಆ ಪ್ಯಾಚ್ ಬಂದ ಮೇಲೆ ತಕ್ಷಣದ ಏಟುಗಳ ಲೆಕ್ಕದಲ್ಲಿ ವೇಗವನ್ನು ಎಲ್ಲ ಎರಡು ಕೈ ಆಯುಧಗಳಿಗೂ 3.3, ಒಂದು ಕೈಯವಕ್ಕೆ 2.4, ಕಠಾರಿಗೆ 1.7 ಎಂದು ಗೊತ್ತುಮಾಡಿದರು. 271 ಇದ್ದದ್ದು 236ಕ್ಕೆ ಇಳಿಯಿತು. ನಿಧಾನದ ಆಯುಧವೇ ಶ್ರೇಷ್ಠ ಎಂಬ ಹುಚ್ಚಿಗೆ ಇದು ಮದ್ದು. ಒಳ್ಳೆಯ ಮದ್ದೇ. ಆದರೆ ಒಗಟಿಗೆ ಉತ್ತರವಲ್ಲ. ಇದು ಬಲ ಇಳಿಸಿದ ಕಥೆ.

ಉತ್ತರ ಇದ್ದದ್ದು 'ರೇಜ್' ಎಂಬ ಕೋಪದ ಪಟ್ಟಿಯಲ್ಲಿ. ಮಂತ್ರವಾದಿ ತುಂಬಿದ ಮಾನಾದೊಂದಿಗೆ ಯುದ್ಧಕ್ಕಿಳಿದು ಅದನ್ನು ಖರ್ಚು ಮಾಡುತ್ತಾ ಹೋಗುತ್ತಾನೆ. ವಾರಿಯರ್ ಸೊನ್ನೆಯಿಂದ ಹೊರಟು, ಹೊಡೆದಷ್ಟೂ ಹೊಡೆಸಿಕೊಂಡಷ್ಟೂ 100ರವರೆಗೆ ಕೋಪ ತುಂಬಿಕೊಳ್ಳುತ್ತಾನೆ. ದೊಡ್ಡ ಏಟುಗಳೆಲ್ಲ ಆ ಕೋಪದ ಖರ್ಚಿನಲ್ಲಿ. 1.12ರ ಕಾಲದ ಸೂತ್ರ ಸರಳ: 60ನೇ ಹಂತದಲ್ಲಿ ಒಂದು ಸಾದಾ ಏಟಿನ (ಗುಂಡಿ ಒತ್ತದೆ ತಾನಾಗಿ ಬೀಳುವ ಏಟಿನ) ಡ್ಯಾಮೇಜನ್ನು 230.6ರಿಂದ ಭಾಗಿಸಿ 7.5ರಿಂದ ಗುಣಿಸಿದರೆ ಬರುವುದೇ ರೇಜ್. 200 ಡ್ಯಾಮೇಜ್ ಮಾಡಿದವನಿಗೆ ಆರೂವರೆ. 400 ಮಾಡಿದವನಿಗೆ ಹದಿಮೂರು. ಹೆಚ್ಚು ರೇಜ್ ಇದ್ದವನು ಇನ್ನಷ್ಟು ದೊಡ್ಡ ಏಟು ಹಾಕುತ್ತಾನೆ. ಒಳ್ಳೆಯ ಆಯುಧದ ಲಾಭ ಅವನಿಗೆ ಎರಡು ಸಲ: ಒಮ್ಮೆ ಏಟಿನಲ್ಲಿ, ಇನ್ನೊಮ್ಮೆ ಆ ಏಟು ತಂದ ಕೋಪದಲ್ಲಿ. ಮಂತ್ರವಾದಿಗೆ ಈ ಸೌಭಾಗ್ಯವಿಲ್ಲ.

ವಿನ್ಯಾಸಕಾರರಿಗೆ ಇದು ಗೊತ್ತಿತ್ತು ಎಂಬುದಕ್ಕೆ ಪುರಾವೆ 2006ರ ಡಿಸೆಂಬರ್‌ನ 2.0.1 ಪ್ಯಾಚ್. ರೇಜ್ ಸೂತ್ರವನ್ನೇ ಅಲ್ಲಿ ಬದಲಿಸಿದರು. ಮುಂದೆ 'ಬರ್ನಿಂಗ್ ಕ್ರುಸೇಡ್' ಎಂಬ ವಿಸ್ತರಣೆಯ ಕಾಲದಲ್ಲಿ ನೆಲೆನಿಂತ ರೂಪವನ್ನು ಕಾಗದದ ಮೇಲೆ ಬಿಡಿಸಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ನೋಡಲು ಗೋಜಲಾದ ಆ ಸೂತ್ರ ಬರೀ ಸರಾಸರಿ! ಅರ್ಧ ಪಾಲು ಹಳೆಯ ಡ್ಯಾಮೇಜ್ ಲೆಕ್ಕ. ಇನ್ನರ್ಧ ಆಯುಧದ ವೇಗವನ್ನು 3.5ರಿಂದ ಗುಣಿಸಿದ್ದು. ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದ್ದಾರೆ, ಅಷ್ಟೇ. 70ನೇ ಹಂತದಲ್ಲಿ ಭಾಜಕ 274.7. 2.6 ವೇಗದ ಕತ್ತಿ ಹಿಡಿದವನ ಸಾದಾ ಏಟು ಸುಮಾರು 333 ಡ್ಯಾಮೇಜ್ ಆದರೆ ಹಳೆಯ ಸೂತ್ರಕ್ಕೂ ಹೊಸದಕ್ಕೂ ವ್ಯತ್ಯಾಸವಿಲ್ಲ. 200 ಮಾಡುವ ಬಡಪಾಯಿಗೆ ಐದೂವರೆ ಇದ್ದದ್ದು ಏಳು ದಾಟುತ್ತದೆ. 500 ಮಾಡುವ ಶ್ರೀಮಂತನಿಗೆ 13.7 ಇದ್ದದ್ದು 11.4ಕ್ಕೆ ಇಳಿಯುತ್ತದೆ. ಉಳ್ಳವರಿಂದ ಒಂದಿಷ್ಟು ಕಿತ್ತು ಇಲ್ಲದವರಿಗೆ ಕೊಟ್ಟ ತೆರಿಗೆ ನೀತಿ. ಆಗ ಎದ್ದ ಕೂಗೂ ತೆರಿಗೆದಾರರ ಕೂಗೇ.

2010ರ 4.0.1 ಪ್ಯಾಚ್ ಈ ಕೊಂಡಿಯನ್ನು ಪೂರಾ ಕಡಿದು ಹಾಕಿತು. ಸಾದಾ ಏಟಿನಿಂದ ಬರುವ ರೇಜ್‌ಗೂ ಅದರ ಡ್ಯಾಮೇಜ್‌ಗೂ ಆಮೇಲೆ ಸಂಬಂಧ ಉಳಿಯಲಿಲ್ಲ. ಆದರೆ ಕ್ಲಾಸಿಕ್ ನಿಂತದ್ದು 1.12ರ ಮೇಲೆ, ಅಂದರೆ ಎರಡೂ ತಿದ್ದುಪಡಿಗಳ ಮೊದಲಿನ ಹಂತದಲ್ಲಿ. ಕಡಿವಾಣವಿಲ್ಲದ ಕೋಪ ಜೊತೆಗೇ ವಾಪಸು ಬಂತು.

ಇನ್ನೊಂದು ದಾಖಲೆ ಹೆಚ್ಚು ತಮಾಷೆಯದು. 2019ರ ಮೇ ತಿಂಗಳ ಪರೀಕ್ಷಾ ಹಂತದಲ್ಲಿ ಆಟಗಾರರು 'ಇದು ತಪ್ಪು, ಅದು ತಪ್ಪು' ಎಂದು ದೂರು ಸುರಿಸಿದರು. ಬ್ಲಿಝಾರ್ಡ್ ತನ್ನಲ್ಲಿದ್ದ ಹಳೆಯ 1.12 ಆವೃತ್ತಿಯನ್ನು ಪಕ್ಕದಲ್ಲಿಟ್ಟು ತಾಳೆ ನೋಡಿ, 'ಇವು ದೋಷಗಳಲ್ಲ' ಎಂಬ ಪಟ್ಟಿಯನ್ನೇ ಹೊರಡಿಸಿತು. ವಾರಿಯರ್‌ನ ಆರೋಗ್ಯ ಚೇತರಿಸಿಕೊಳ್ಳುವ ವೇಗ ಸರಿಯಾಗಿಯೇ ಇದೆ. ಟೌರೆನ್ ಕುಲದವರ ಹೊಡೆತ ಉಳಿದವರಿಗಿಂತ ತುಸು ದೂರ ಎಟಕುವುದೂ ಸರಿಯೇ. ಕುಳಿತವನ ಮೇಲೆ ಕ್ರಿಟಿಕಲ್ ಏಟು (ಮಾಮೂಲಿಗಿಂತ ಹೆಚ್ಚು ಬಲದ್ದು) ಬಿದ್ದರೆ 'ಎನ್‌ರೇಜ್' ಎಂಬ ಬಲ ಹೆಚ್ಚಿಸುವ ಆವೇಶ ಏಳದಿರುವುದೂ ಸರಿ. ಈ ಕೊನೆಯದು ಹಲವರಿಗೆ ನೋವು ತಂದಿತು. ಕುಳಿತವನಿಗೆ ಬೀಳುವ ಏಟು ಕ್ರಿಟಿಕಲ್ ಆಗಿಯೇ ಬೀಳುತ್ತದೆ. ಬೇಕೆಂದೇ ಕುಳಿತು, ಏಟು ತಿಂದು, ಆ ಆವೇಶ ಏರಿಸಿಕೊಳ್ಳುವ ಉಪಾಯ ಅವರ ತಲೆಯಲ್ಲಿತ್ತು. ದೂರಿದವರಲ್ಲಿ ಬಹಳ ಮಂದಿ ಅನಧಿಕೃತ ಸರ್ವರ್‌ಗಳಲ್ಲಿ ಆಡಿ ಪಳಗಿದವರು. ಅಲ್ಲಿನ ನಿಯಮಗಳು ಯಾರೋ ಊಹಿಸಿ ಬರೆದವು. ಹಾಗಾಗಿ ಆಟಗಾರರ ನೆನಪನ್ನು ಸಾಕ್ಷಿಯಾಗಿ ನಂಬುವುದನ್ನು ಅಲ್ಲಿಗೇ ಬಿಟ್ಟೆ.

ಆದರೂ ಪೂರ್ತಿ ಬಿಡುವಂತಿರಲಿಲ್ಲ. ಯಾವ ಪ್ಯಾಚ್ ಟಿಪ್ಪಣಿಯಲ್ಲೂ ನನಗೆ ಸಿಗದ ಒಂದು ವಿಷಯ ಆಟಗಾರರ ಕೈಚಳಕದಲ್ಲಿತ್ತು. ಎರಡು ಆಯುಧ ಹಿಡಿದವನ ಸಾದಾ ಏಟುಗಳು ಶೇ. 19ರಷ್ಟು ಹೆಚ್ಚು ಗುರಿ ತಪ್ಪುತ್ತವೆ. 'ಹೀರೋಯಿಕ್ ಸ್ಟ್ರೈಕ್' ಗುಂಡಿ ಒತ್ತಿ ಕಾಯ್ದಿರಿಸಿದರೆ, ಅದು ಬೀಳುವವರೆಗೂ ಎಡಗೈ ಏಟಿಗೆ ಈ ದಂಡವಿಲ್ಲ. ಬೇಕಾದರೆ ಕೊನೆಯ ಗಳಿಗೆಯಲ್ಲಿ ಅದನ್ನು ರದ್ದುಮಾಡಿ ರೇಜ್ ಉಳಿಸಿಕೊಳ್ಳಬಹುದು. 2019ರಲ್ಲಿ ಇದನ್ನು ಯಾರು ಬೇಕಾದರೂ ಕಲಿಯಬಹುದಿತ್ತು. ಜೊತೆಗೆ 'ವರ್ಲ್ಡ್ ಬಫ್'ಗಳು: ರೇಡ್‌ಗೆ ಮುನ್ನ ಊರೂರು ಸುತ್ತಿ ಕಟ್ಟಿಕೊಂಡು ಬರುವ ಆಶೀರ್ವಾದಗಳು. ಡ್ರ್ಯಾಗನ್ ತಲೆ ತೂಗುಹಾಕಿದಾಗ ಸಿಗುವುದು 140 ಅಟ್ಯಾಕ್ ಪವರ್ ಮತ್ತು ಶೇ. 5 ಕ್ರಿಟಿಕಲ್; ಆಟದ ನಾಯಕರಲ್ಲೊಬ್ಬನಾದ ಥ್ರಾಲ್‌ನ ಹರಕೆಯಿಂದ ಶೇ. 15 ವೇಗ. ಪ್ರತಿಯೊಂದೂ ಏಟು ಹೆಚ್ಚಿಸಿ, ಏಟಿನ ಮೂಲಕ ಕೋಪವನ್ನೂ ಹೆಚ್ಚಿಸುತ್ತದೆ. ಇವೆಲ್ಲದರ ಫಲ ಕಣ್ಣಿಗೆ ಕಾಣುವಂತಿತ್ತು: ಮೂಲ ಆಟದಲ್ಲಿ ರಾಗ್ನರೋಸ್ ಎಂಬ ರೇಡ್ ರಾಕ್ಷಸ ಮೊದಲ ಬಾರಿ ಬಿದ್ದದ್ದು 2005ರ ಏಪ್ರಿಲ್‌ನಲ್ಲಿ, ಆಟ ಬಿಡುಗಡೆಯಾಗಿ ಐದು ತಿಂಗಳಿಗೆ. ಕ್ಲಾಸಿಕ್‌ನಲ್ಲಿ ಒಂದು ವಾರ ತುಂಬುವ ಮೊದಲೇ ಬಿದ್ದ.

ಹಾಗಾಗಿ ನನ್ನ ತೀರ್ಮಾನ ಇಷ್ಟು: 2006ರ ವಾರಿಯರ್ ದುರ್ಬಲನಾಗಿರಲಿಲ್ಲ. ಅವನನ್ನು ಪೂರ್ತಿ ಹಿಂಡಿ ಬಳಸುವ ಲೆಕ್ಕ ಕೆಲವೇ ತಂಡಗಳ ಕೈಲಿತ್ತು. ಆ ಲೆಕ್ಕ ಎಲ್ಲರಿಗೂ ಸಿಕ್ಕ ಕೂಡಲೇ ಹಳೆಯ ಸೂತ್ರ ತನ್ನ ನಿಜರೂಪ ತೋರಿಸಿತು. ಇದನ್ನು ಕಂಪನಿಯೂ ಹೀಗೆಯೇ ಓದಿರಬೇಕು. 2021ರ ನವೆಂಬರ್‌ನಲ್ಲಿ ಕ್ಲಾಸಿಕ್‌ನ ಹೊಸ ಸುತ್ತು 'ಸೀಸನ್ ಆಫ್ ಮಾಸ್ಟರಿ' ಶುರುವಾದಾಗ ಕಂಪನಿ ರೇಜ್ ಸೂತ್ರವನ್ನು ಮುಟ್ಟಲಿಲ್ಲ. ರೇಡ್‌ಗಳ ಒಳಗೆ ವರ್ಲ್ಡ್ ಬಫ್‌ಗಳನ್ನು ನಿಲ್ಲಿಸಿತು, ರಾಕ್ಷಸರ ಆಯಸ್ಸು ಹೆಚ್ಚಿಸಿತು, ಒಬ್ಬ ರಾಕ್ಷಸನ ಮೇಲೆ 16ಕ್ಕಿಂತ ಹೆಚ್ಚು ಶಾಪ ನಿಲ್ಲದೆಂಬ ಮಿತಿಯನ್ನು ತೆಗೆದುಹಾಕಿತು.