ನಾಲ್ಕುನಾಡಿನ ಅರಮನೆಯೂ ಕಕ್ಕಬ್ಬೆಯ ಪರಿಸರವೂ

ಕೊಡಗುದೇಶಕ್ಕೆ ಸಮುದ್ರತೀರವಿಲ್ಲ. ಅದರ ಪಡುವಣ ಗಡಿಯಲ್ಲಿ ಸಹ್ಯಾದ್ರಿಯು ಕಡಲಿಗೂ ನಾಡಿಗೂ ನಡುವೆ ಗೋಡೆಯಂತೆ ನಿಂತಿದೆ. ಆದರೂ ಈ ನಾಡಿನ ದೇವತೆಗಳ ಐತಿಹ್ಯವನ್ನಾಗಲಿ, ಅರಸರ ಚರಿತ್ರೆಯನ್ನಾಗಲಿ ವಿಚಾರಿಸಿ ನೋಡಿದರೆ, ಅವೆರಡರಲ್ಲಿಯೂ ಕಡಲ ಕಡೆಯ ಸಂಬಂಧವು ಮತ್ತೆ ಮತ್ತೆ ಗೋಚರಿಸುತ್ತದೆ. ಕೊಡಗಿಗೆ ದೇವರು ಬಂದುದು ಆ ಕಡೆಯಿಂದ. ಆಪತ್ಕಾಲದಲ್ಲಿ ನೆರವು ಬಂದುದು ಆ ಕಡೆಯಿಂದ. ಕಡೆಗೆ ರಾಜ್ಯವನ್ನು ಕಳೆದ ದಂಡಿನ ಒಂದು ಪಾಲು ಏರಿ ಬಂದುದೂ ಆ ಕಡೆಯಿಂದಲೇ. ಈ ಮೂರನ್ನೂ ಒಂದೇ ಎಡೆಯಲ್ಲಿ ನಿಂತು ನೆನೆಯಬಹುದಾದ ಸ್ಥಳವೊಂದಿದೆ. ಅದು ತಡಿಯಂಡಮೋಳ್ ಬೆಟ್ಟದ ಬುಡದಲ್ಲಿರುವ ಕಕ್ಕಬ್ಬೆಯೆಂಬ ಸಣ್ಣ ಗ್ರಾಮ.

ಮಡಿಕೇರಿಯಿಂದ ನಾಪೋಕ್ಲು ಮಾರ್ಗವಾಗಿ ಹೋದರೂ, ವಿರಾಜಪೇಟೆಯಿಂದ ಹೊರಟರೂ ಕಕ್ಕಬ್ಬೆಯನ್ನು ಸೇರಬಹುದು. ದಾರಿಯುದ್ದಕ್ಕೂ ಕಾಫಿಯ ತೋಟಗಳು, ತಗ್ಗಿನಲ್ಲಿ ಗದ್ದೆಗಳು, ಗದ್ದೆಯ ಮೇಲಣ ದಿಬ್ಬದಲ್ಲಿ ಒಂದೊಂದು ಒಕ್ಕದ ಐನ್‌ಮನೆ. ಪೇಟೆಯೆಂಬುದು ಹೆಸರಿಗೆ ಮಾತ್ರ. ನೋಡತಕ್ಕ ಸ್ಥಳಗಳೆಲ್ಲವೂ ಅದರ ಸುತ್ತಲೂ ಹರಡಿಕೊಂಡಿವೆ: ಪಾಡಿಯಲ್ಲಿ ಇಗ್ಗುತ್ತಪ್ಪನ ಗುಡಿ, ಅದಕ್ಕೆ ಸಂಬಂಧಿಸಿದ ಮಲ್ಮ ಬೆಟ್ಟ, ಯವಕಪಾಡಿಯಲ್ಲಿ ನಾಲ್ಕುನಾಡಿನ ಅರಮನೆ, ಅದರ ಹಿಂದೆ ನಾಡಿನ ಅತ್ಯುನ್ನತ ಶಿಖರ.

ಮೊದಲು ದೇವಸ್ಥಾನದ ವಿಚಾರ. ಕೊಡವರು ಇಗ್ಗುತ್ತಪ್ಪನನ್ನು ಮಳೆಬೆಳೆಗಳ ಅಧಿದೇವತೆಯೆಂದು ಆರಾಧಿಸುತ್ತಾರೆ. ದೈವಾಂಶಸಂಭೂತರಾದ ಏಳು ಮಂದಿ ಒಡಹುಟ್ಟಿದವರು ಕಡಲನ್ನು ದಾಟಿ ಮಲಯಾಳ ದೇಶದ ತೀರಕ್ಕೆ ಬಂದರೆಂದೂ, ಅವರಲ್ಲಿ ಹಿರಿಯರು ಆ ಸೀಮೆಯಲ್ಲಿಯೇ ನೆಲಸಿದರೆಂದೂ, ಉಳಿದವರು ಘಟ್ಟವನ್ನೇರಿದರೆಂದೂ ಐತಿಹ್ಯವು ಹೇಳುತ್ತದೆ. ಇಗ್ಗುತ್ತಪ್ಪನು ಮಲ್ಮ ಬೆಟ್ಟದಲ್ಲಿ ನಿಂತನು. ಒಬ್ಬನು ಪಾಲೂರಿನಲ್ಲಿ ನೆಲೆಗೊಂಡನು. ಮತ್ತೊಬ್ಬನು ವಯನಾಡಿನ ತಿರುನೆಲ್ಲಿಗೆ ಹೋದನು. ಸಹೋದರಿಯು ಪೊನ್ನಂಗಾಲ ತಮ್ಮೆಯೆಂಬ ಹೆಸರಿನಿಂದ ಕಕ್ಕಬ್ಬೆಯ ನೆರೆಯಲ್ಲಿಯೇ ಪೂಜೆಗೊಳ್ಳುತ್ತಾಳೆ. ಇಂತಹ ಕಥೆಯನ್ನು ಅಕ್ಷರಶಃ ಚರಿತ್ರೆಯೆಂದು ಗ್ರಹಿಸುವುದು ಉಚಿತವಲ್ಲ. ಬರಿಯ ಕಲ್ಪನೆಯೆಂದು ತಳ್ಳಿಬಿಡುವುದೂ ಉಚಿತವಲ್ಲ. ಕಥೆಯು ಹಾದು ಬರುವ ಸ್ಥಳಗಳನ್ನು ಒಂದರ ಮುಂದೊಂದಾಗಿ ಬರೆದರೆ, ಮಲಬಾರಿನ ತೀರದಿಂದ ಕೊಡಗಿಗೂ ಕೊಡಗಿನಿಂದ ವಯನಾಡಿಗೂ ಜನರು ನಡೆದಾಡಿದ ಹಳೆಯ ಹಾದಿಯೇ ಕಣ್ಣಮುಂದೆ ಬರುತ್ತದೆ. ಜನರು ನಡೆದ ದಾರಿಯಲ್ಲಿಯೇ ದೇವರನ್ನೂ ನಡೆಯಿಸಿದರು.

ಈಗಿನ ಗುಡಿಯ ಜೀರ್ಣೋದ್ಧಾರವು ೧೮೧೦ರಲ್ಲಿ ಲಿಂಗರಾಜೇಂದ್ರನಿಂದ ನಡೆಯಿತೆಂದು ಹೇಳುತ್ತಾರೆ. ಹಾಲೇರಿಯ ಅರಸರು ವೀರಶೈವರು. ಪ್ರಜೆಗಳಾದರೋ ಗುರುಕಾರಣರನ್ನೂ ನಾಡದೇವತೆಗಳನ್ನೂ ನಂಬಿದವರು. ಹೀಗಿದ್ದರೂ ಅರಸನು ಪ್ರಜೆಗಳ ಮಳೆದೇವನಿಗೆ ಗುಡಿಯನ್ನು ಎತ್ತಿಸಿದುದು ಆ ವಂಶದ ರಾಜನೀತಿಯನ್ನು ತಿಳಿಸುತ್ತದೆ.

ಕೊಡಗಿನ ವರ್ಷಕ್ರಮದಲ್ಲಿ ಈ ಗುಡಿಯ ಸ್ಥಾನವು ಹಿರಿದಾದುದು. ವೃಶ್ಚಿಕಮಾಸದಲ್ಲಿ ಬರುವ ಪುತ್ತರಿಯ ಮುಹೂರ್ತವು ನಿಶ್ಚಯವಾಗುವುದು ಇಲ್ಲಿಯೇ. ನೆರೆ ಕಟ್ಟುವುದಕ್ಕೆ ಇಷ್ಟು ಹೊತ್ತು, ಕದಿರು ಕೊಯ್ಯುವುದಕ್ಕೆ ಇಷ್ಟು ಹೊತ್ತು, ಹೊಸ ಅಕ್ಕಿಯ ಊಟಕ್ಕೆ ಇಷ್ಟು ಹೊತ್ತು ಎಂದು ಕಣಿಯನು ನೋಡಿ ಹೇಳಿದ ಬಳಿಕ ಆ ವಾರ್ತೆಯು ನಾಡಿನ ಮನೆಮನೆಗೂ ಮುಟ್ಟುತ್ತದೆ. ಮೊದಲು ಪಾಡಿಯಲ್ಲಿ ಕದಿರು ತೆಗೆಯುತ್ತಾರೆ. ಅನಂತರ ಉಳಿದ ಕಡೆಗಳಲ್ಲಿ. ಹುಣ್ಣಿಮೆಯ ಬೆಳುದಿಂಗಳಿನಲ್ಲಿ ಕೋವಿಯ ಸದ್ದಾದೊಡನೆ ಮನೆಯ ಜನರೆಲ್ಲರೂ ಗದ್ದೆಗೆ ಇಳಿಯುವ ನೋಟವನ್ನು ಒಮ್ಮೆ ಕಂಡವರು ಮರೆಯಲಾರರು. ಕುಂಭಮಾಸದಲ್ಲಿ ನಡೆಯುವ ಕಲಾಡ್ಚ ಹಬ್ಬಕ್ಕೂ ದೂರದೂರದಿಂದ ಭಕ್ತರು ಬಂದು ಸೇರುತ್ತಾರೆ.

ಇನ್ನು ಅರಮನೆಯ ವಿಚಾರ. ಇದನ್ನು ಕಟ್ಟಿಸಿದವನು ದೊಡ್ಡವೀರರಾಜೇಂದ್ರನು, ಕಾಲವು ೧೭೯೨. ಇಲ್ಲಿ ಒಂದು ಪ್ರಶ್ನೆಯು ಏಳುತ್ತದೆ. ೧೭೯೨ನೆಯ ಇಸವಿಯು ಕೊಡಗಿಗೆ ಸಂಧಿಯ ವರ್ಷ. ಆ ವರ್ಷದ ಶ್ರೀರಂಗಪಟ್ಟಣದ ಒಪ್ಪಂದದಿಂದ ಟೀಪು ಸುಲ್ತಾನನು ಕೊಡಗಿನ ಮೇಲಣ ತನ್ನ ಅಧಿಕಾರವನ್ನು ಬಿಟ್ಟುಕೊಟ್ಟಿದ್ದನು. ಅದೇ ವರ್ಷದಲ್ಲಿ ಅರಸನು ತನ್ನ ಹೆಸರಿನ ಪೇಟೆಯೊಂದನ್ನು ನೆಲೆಗೊಳಿಸಿದನು; ಅದೇ ಇಂದಿನ ವಿರಾಜಪೇಟೆ. ವೈರಿಯು ಹಿಮ್ಮೆಟ್ಟಿದ ವರ್ಷದಲ್ಲಿ ರಾಜ್ಯದ ತೀರ ಪಡುವಣ ಅಂಚಿನಲ್ಲಿ, ಕಾಡಿನ ನಡುವೆ, ದಾರಿಹೋಕರಿಗೆ ಕಾಣದಂತೆ ಅರಮನೆಯೊಂದು ಏಕೆ ಬೇಕಾಯಿತು?

ಇದಕ್ಕೆ ಉತ್ತರವನ್ನು ಆ ಅರಸನ ಪೂರ್ವಚರಿತ್ರೆಯಲ್ಲಿಯೇ ಹುಡುಕಬೇಕು. ೧೭೮೦ರಲ್ಲಿ ತಂದೆಯು ಮೃತನಾದ ಮೇಲೆ ವೀರರಾಜನೂ ಅವನ ತಮ್ಮಂದಿರೂ ಹೈದರಾಲಿಯ ವಶಕ್ಕೆ ಸಿಕ್ಕಿದರು. ಅವರನ್ನು ಮೊದಲು ಗೊರೂರಿನಲ್ಲಿಯೂ, ಟೀಪುವಿನ ಕಾಲದಲ್ಲಿ ಪಿರಿಯಾಪಟ್ಟಣದ ಕೋಟೆಯಲ್ಲಿಯೂ ಸೆರೆಯಿಟ್ಟಿದ್ದರು. ೧೭೮೮ರ ದಶಂಬರದಲ್ಲಿ ನಂಬಿಕೆಯ ಕೊಡವರ ಸಹಾಯದಿಂದ ವೀರರಾಜನು ತಪ್ಪಿಸಿಕೊಂಡು ಬಂದು ನಾಡನ್ನು ಒಗ್ಗೂಡಿಸಿದನು. ಮೂಡಲ ದಿಕ್ಕಿನಲ್ಲಿ ಮೈಸೂರಿನ ಸೈನ್ಯ. ಪಡುವಲಿನಲ್ಲಿ ತಲಚೇರಿಯ ಇಂಗ್ಲಿಷ್ ಕಂಪೆನಿ. ೧೭೯೦ರ ಅಕ್ಟೋಬರಿನಲ್ಲಿ ಅವನು ಕಂಪೆನಿಯವರೊಡನೆ ಒಪ್ಪಂದವನ್ನು ಮಾಡಿಕೊಂಡನು. ಕೊಡಗಿನ ಪದಾರ್ಥಗಳ ವ್ಯಾಪಾರದಲ್ಲಿ ಕಂಪೆನಿಗೆ ಮೊದಲ ಹಕ್ಕು, ಕೊಡಗಿನ ಸ್ವಾತಂತ್ರ್ಯಕ್ಕೆ ಕಂಪೆನಿಯ ಬೆಂಬಲ ಎಂಬುದು ಅದರ ತಾತ್ಪರ್ಯ. ಮರುವರ್ಷ ಜನರಲ್ ಅಬರ್‌ಕ್ರಾಂಬಿಯ ಬೊಂಬಾಯಿ ದಂಡು ಮಲಬಾರಿನಿಂದ ಹೆಗ್ಗಳದ ಘಟ್ಟವನ್ನೇರಿ ಕೊಡಗಿನ ಮೂಲಕವೇ ಶ್ರೀರಂಗಪಟ್ಟಣದ ಕಡೆಗೆ ನಡೆಯಿತು.

ಯೌವನದ ವರ್ಷಗಳನ್ನು ಸೆರೆಯಲ್ಲಿ ಕಳೆದವನು ಕಾಗದದ ಸಂಧಿಯನ್ನು ಸಂಪೂರ್ಣವಾಗಿ ನಂಬುವನೇ? ಮಡಿಕೇರಿಯ ಕೋಟೆಯನ್ನು ವೈರಿಯು ಹಿಂದೆ ಹಿಡಿದಿದ್ದನು. ಅದರ ದಾರಿಯು ಎಲ್ಲರಿಗೂ ಗೊತ್ತು. ನಾಲ್ಕುನಾಡಿನ ಕಾಡು ಹಾಗಲ್ಲ. ಮುಂದೆ ದಟ್ಟವಾದ ಮರಗಳು, ಹಿಂದೆ ಬೆಟ್ಟ, ಬೆಟ್ಟದಾಚೆ ಮಿತ್ರರಿರುವ ಮಲಬಾರು. ಆದಕಾರಣ ಈ ಅರಮನೆಯನ್ನು ವೈಭವಕ್ಕಾಗಿ ಕಟ್ಟಿದ ಮನೆಯೆನ್ನುವುದಕ್ಕಿಂತ, ಸೆರೆಯನ್ನು ಕಂಡವನು ಕಟ್ಟಿದ ಮನೆಯೆನ್ನುವುದೇ ಯುಕ್ತವೆಂದು ತೋರುತ್ತದೆ. ಅವನ ಶಂಕೆಯು ನಿರಾಧಾರವಾಗಿರಲಿಲ್ಲ. ಏಳು ವರ್ಷಗಳೊಳಗೆ, ೧೭೯೯ರ ಮಾರ್ಚಿ ೬ರಂದು, ಕೊಡಗಿನ ಮೂಡಲ ಗಡಿಯ ಸಿದ್ದೇಶ್ವರದಲ್ಲಿ ಟೀಪುವಿನ ಸೈನ್ಯದೊಡನೆ ಮತ್ತೊಮ್ಮೆ ಕಾಳಗವು ನಡೆಯಿತು.

ಕಟ್ಟಡದ ರಚನೆಯೂ ಈ ಊಹೆಯನ್ನೇ ಪುಷ್ಟಿಗೊಳಿಸುತ್ತದೆ. ಎರಡು ಅಂತಸ್ತಿನ ಇಳಿಮಾಡಿನ ಮನೆ. ಮರದ ಕಂಬಗಳು, ಮರದ ಮುಚ್ಚಿಗೆ, ಕೆತ್ತನೆಯ ಬಾಗಿಲುವಾಡ. ಕಲ್ಲಿನ ಕೋಟೆಕೊತ್ತಲಗಳ ಆಡಂಬರವಿಲ್ಲ. ಮೊದಲ ನೋಟಕ್ಕೆ ಸ್ಥಿತಿವಂತರ ದೊಡ್ಡ ಐನ್‌ಮನೆಯೆಂದೇ ಭ್ರಾಂತಿಯಾಗಬಹುದು. ಒಳಗೆ ಹೊಕ್ಕವರಿಗೆ ಮಾತ್ರ ಅದರ ಮರ್ಮವು ತಿಳಿಯುತ್ತದೆ. ಓಣಿಗಳು ಇಕ್ಕಟ್ಟು, ಕೆಲವು ಕೋಣೆಗಳು ಹಗಲಿನಲ್ಲಿಯೂ ಕತ್ತಲೆ. ಗೋಡೆಗಳಲ್ಲಿಯೂ ಮುಚ್ಚಿಗೆಗಳಲ್ಲಿಯೂ ಬರೆದ ವರ್ಣಚಿತ್ರಗಳಲ್ಲಿ ಮೆರವಣಿಗೆಯ ದೃಶ್ಯಗಳು ಮಾಸಿಹೋದರೂ ಇನ್ನೂ ಕಾಣಿಸುತ್ತವೆ. ಭಯವೂ ಸೌಂದರ್ಯಾಪೇಕ್ಷೆಯೂ ಒಂದೇ ಸೂರಿನ ಕೆಳಗೆ ಬಾಳಿದುದಕ್ಕೆ ಅವು ಸಾಕ್ಷಿಗಳು. ಅಂಗಳದಲ್ಲಿ ಬಸವನ ಮೂರ್ತಿಗಳಿಂದ ಅಲಂಕೃತವಾದ ಚಿಕ್ಕ ಮಂಟಪವೊಂದಿದೆ. ೧೭೯೬ರಲ್ಲಿ ವೀರರಾಜೇಂದ್ರನಿಗೂ ಮಹದೇವಮ್ಮಾಜಿಗೂ ಇಲ್ಲಿ ವಿವಾಹವಾಯಿತೆಂದು ಹೇಳುತ್ತಾರೆ.

ಆ ವಿವಾಹದಿಂದ ಅರಸನು ಬಯಸಿದ ಗಂಡುಸಂತಾನವು ಆಗಲಿಲ್ಲ, ಹೆಣ್ಣುಮಕ್ಕಳೇ ಹುಟ್ಟಿದರು. ೧೮೦೭ರಲ್ಲಿ ರಾಣಿಯು ಕಾಲವಾದಳು. ಅದೇ ಕಾಲದಲ್ಲಿ ಅರಸನು ತನ್ನ ವಂಶದ ಕಥೆಯನ್ನು ‘ರಾಜೇಂದ್ರನಾಮೆ’ಯೆಂದು ಕನ್ನಡದಲ್ಲಿ ಬರೆಯಿಸಿದನು. ಕೊನೆಯ ವರ್ಷಗಳಲ್ಲಿ ಅವನ ಚಿತ್ತವು ಸ್ತಿಮಿತವನ್ನು ಕಳೆದುಕೊಂಡು, ಶಂಕೆಯೇ ಬಲಿತು, ಅನೇಕರ ಪ್ರಾಣಹರಣಕ್ಕೆ ಕಾರಣವಾಯಿತು. ನಾಡನ್ನು ಉಳಿಸಿದವನೂ, ನಾಡಿನವರನ್ನೇ ಕೊಲ್ಲಿಸಿದವನೂ ಒಬ್ಬನೇ. ೧೮೦೯ರಲ್ಲಿ ಅವನು ಮರಣಹೊಂದಿದನು. ಪಟ್ಟವು ಮಗಳಾದ ದೇವಮ್ಮಾಜಿಗೆ ಸಂದರೂ, ೧೮೧೧ರಲ್ಲಿ ತಮ್ಮನಾದ ಲಿಂಗರಾಜನು ಅದನ್ನು ತನ್ನದಾಗಿ ಮಾಡಿಕೊಂಡನು. ೧೮೨೦ರಲ್ಲಿ ಅವನ ಮಗ ಚಿಕ್ಕವೀರರಾಜೇಂದ್ರನು ಗದ್ದಿಗೆಯನ್ನೇರಿದನು.

ಚಿಕ್ಕವೀರರಾಜನ ಕ್ರೌರ್ಯದ ವಿಷಯವಾಗಿ ಬಹಳವಾಗಿ ಬರೆದಿರುವರು. ರಾಜ್ಯವನ್ನು ತೆಗೆದುಕೊಂಡವರೇ ಅದನ್ನು ಹೆಚ್ಚಾಗಿ ಬರೆದರೆಂಬುದನ್ನು ಮರೆಯಬಾರದು. ಅವರು ಬರೆದರೆಂಬ ಮಾತ್ರಕ್ಕೆ ಅದೆಲ್ಲವೂ ಸುಳ್ಳೆಂದೂ ಹೇಳಲಾಗದು. ೧೮೩೨ರಲ್ಲಿ ಅರಸನ ತಂಗಿಯಾದ ದೇವಮ್ಮಾಜಿಯೂ (ಇವಳು ಹಿಂದೆ ಹೇಳಿದ ದೇವಮ್ಮಾಜಿಯಲ್ಲ) ಅವಳ ಗಂಡನಾದ ಚನ್ನಬಸಪ್ಪನೂ ಪ್ರಾಣಭಯದಿಂದ ಇಂಗ್ಲಿಷರ ಆಶ್ರಯಕ್ಕೆ ಓಡಿಹೋದರು. ಅವರನ್ನು ಒಪ್ಪಿಸಬೇಕೆಂಬ ಹಠವು ಬೆಳೆದು ಯುದ್ಧಕ್ಕೆ ಕಾರಣವಾಯಿತು. ೧೮೩೪ರ ಏಪ್ರಿಲಿನಲ್ಲಿ ಕಂಪೆನಿಯ ದಂಡು ನಾಲ್ಕು ಕಡೆಗಳಿಂದ ಕೊಡಗನ್ನು ಹೊಕ್ಕಿತು. ಅವುಗಳಲ್ಲಿ ಎರಡು ಪಡೆಗಳು ಕಡಲ ಕಡೆಯವು: ಒಂದು ಕಣ್ಣಾನೂರಿನಿಂದ ಹೆಗ್ಗಳದ ಘಟ್ಟವನ್ನೇರಿತು, ಇನ್ನೊಂದು ಕುಂಬಳೆಯ ಕಡೆಯಿಂದ ಬಂದಿತು. ದೊಡ್ಡಪ್ಪನು ಮಿತ್ರರನ್ನು ಬರಮಾಡಿಕೊಂಡ ಘಟ್ಟದ ದಾರಿಯಲ್ಲಿಯೇ ೪೩ ವರ್ಷಗಳ ಅನಂತರ ಮಗನ ಮೇಲೆ ದಂಡು ಬಂದಿತು.

ಕೊಡವರೂ ಗೌಡರೂ ಮೊದಮೊದಲು ಧೈರ್ಯದಿಂದಲೇ ಕಾದಿದರು. ಬಡಗಣ ಗಡಿಯಲ್ಲಿ ಕಂಪೆನಿಯ ಪಡೆಯು ಸೋತು ಹಿಂದೆಗೆಯಿತು. ಕರ್ನಲ್ ಮಿಲ್ ಎಂಬ ಅಧಿಕಾರಿಯು ಅಲ್ಲಿಯೇ ಮಡಿದನು. ಆದರೆ ಅರಸನಲ್ಲಿ ಯುದ್ಧದ ಸಂಕಲ್ಪವು ದೃಢವಾಗಿರಲಿಲ್ಲ. ಅವನು ಮಡಿಕೇರಿಯನ್ನು ಬಿಟ್ಟು ಪರಿವಾರದೊಡನೆ ನಾಲ್ಕುನಾಡಿನ ಅರಮನೆಯನ್ನು ಸೇರಿದನು. ದಿವಾನನಾದ ಅಪ್ಪಾರಂಡ ಬೋಪಣ್ಣನು ಕಂಪೆನಿಯವರೊಡನೆ ಕೂಡಿಕೊಂಡನು. ಏಪ್ರಿಲ್ ೬ರಂದು ಮಡಿಕೇರಿಯ ಕೋಟೆಯ ಮೇಲೆ ಇಂಗ್ಲಿಷರ ಬಾವುಟವು ಏರಿತು. ೧೦ರಂದು ಅರಸನು ಶರಣಾಗತನಾದನು. ಮೇ ೭ರಂದು ಕರ್ನಲ್ ಫ್ರೇಜರನು ಕೊಡಗು ಕಂಪೆನಿಗೆ ಸೇರಿತೆಂದು ಸಾರಿದನು. ಯಾವ ಗಂಡಾಂತರಕ್ಕೆಂದು ಈ ಮನೆಯು ನಿರ್ಮಿತವಾಯಿತೋ ಅಂತಹ ಗಂಡಾಂತರವೇ ಬಂದಾಗ, ಅದು ಅರಸನಿಗೆ ಕೆಲವು ರಾತ್ರಿಗಳ ಆಸರೆಯನ್ನು ಮಾತ್ರ ಕೊಟ್ಟಿತು. ಕಾಡು ಮನೆಯನ್ನು ಮರೆಮಾಡಬಲ್ಲುದು. ಪ್ರಜೆಗಳ ವಿಶ್ವಾಸವು ಕಳಚಿದ ಅರಸನನ್ನು ಮರೆಮಾಡಲಾರದು. ಪಿರಿಯಾಪಟ್ಟಣದಿಂದ ಓಡಿಬಂದ ದೊಡ್ಡವೀರರಾಜನಿಗೆ ಕೋಟೆಯೂ ಇರಲಿಲ್ಲ, ಅರಮನೆಯೂ ಇರಲಿಲ್ಲ, ಜನರಿದ್ದರು. ಚಿಕ್ಕವೀರರಾಜನಿಗೆ ಅವೆರಡೂ ಇದ್ದುವು.

ಆ ಬಳಿಕ ಅರಸನು ಕಾಶಿಗೆ ಕಳುಹಲ್ಪಟ್ಟನು. ೧೮೫೨ರಲ್ಲಿ ಕಡಲನ್ನು ದಾಟಿ ಇಂಗ್ಲೆಂಡಿಗೆ ಹೋಗಿ, ಕಂಪೆನಿಯ ವಶದಲ್ಲಿದ್ದ ಹಣಕ್ಕಾಗಿ ಲಂಡನ್ನಿನ ನ್ಯಾಯಸ್ಥಾನದಲ್ಲಿ ವ್ಯಾಜ್ಯವನ್ನು ಹೂಡಿದನು. ಜೊತೆಯಲ್ಲಿ ಹೋದ ಮಗಳು ಗೌರಮ್ಮನು ಕ್ರೈಸ್ತಮತವನ್ನು ಸ್ವೀಕರಿಸಿದಳು. ವಿಕ್ಟೋರಿಯಾ ರಾಣಿಯೇ ಅವಳಿಗೆ ಧರ್ಮಮಾತೆಯಾದಳು. ಅರಸನು ೧೮೫೯ರಲ್ಲಿ ಲಂಡನ್ನಿನಲ್ಲಿಯೇ ಕಾಲವಾದನು; ಮಗಳು ೧೮೬೪ರಲ್ಲಿ. ಈ ಕಥೆಯನ್ನು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ‘ಚಿಕವೀರ ರಾಜೇಂದ್ರ’ ಕಾದಂಬರಿಯಲ್ಲಿ ನಿರೂಪಿಸಿರುವುದು ವಾಚಕರಿಗೆ ವಿದಿತವೇ ಆಗಿದೆ. ಕಾದಂಬರಿಯನ್ನು ಓದಿದವರು ಅರಮನೆಯನ್ನು ನೋಡಬೇಕು. ಅರಮನೆಯನ್ನು ನೋಡಿದವರು ಕಾದಂಬರಿಯನ್ನು ಓದಬೇಕು.

ಅರಮನೆಯ ಹಿಂದಿನಿಂದಲೇ ತಡಿಯಂಡಮೋಳ್ ಶಿಖರಕ್ಕೆ ದಾರಿಯಿದೆ. ಎತ್ತರವು ೧೭೪೮ ಮೀಟರು. ಅರಣ್ಯ ಇಲಾಖೆಯವರ ಅಪ್ಪಣೆಯನ್ನು ಪಡೆದು, ಮಳೆಗಾಲವು ಕಳೆದ ಮೇಲೆ, ಬೆಳಗ್ಗೆ ಬೇಗನೆ ಏರತೊಡಗುವುದು ಕ್ಷೇಮಕರ. ಮೊದಲು ಕಾಡು, ಆಮೇಲೆ ಹುಲ್ಲುಗಾವಲು, ಮಡಿಲುಗಳಲ್ಲಿ ಶೋಲೆ, ಕೊನೆಗೆ ಕಡಿದಾದ ಏರು. ಆಕಾಶವು ನಿರ್ಮಲವಾಗಿದ್ದರೆ ಪಡುವಲಿನಲ್ಲಿ ಅರಬೀ ಸಮುದ್ರವು ಬೆಳ್ಳಿಯ ಗೆರೆಯಂತೆ ತೋರುತ್ತದೆ. ಸೃಷ್ಟಿಯ ವಿಚಿತ್ರವನ್ನು ಇಲ್ಲಿ ಗಮನಿಸಬೇಕು: ಕಣ್ಣಿಗೆ ಕಾಣುವ ಕಡಲು ಪಡುವಲಿನದು, ಕಕ್ಕಬ್ಬೆಯ ಹೊಳೆಯು ಮಾತ್ರ ಅದಕ್ಕೆ ಬೆನ್ನುಮಾಡಿ, ಕಾವೇರಿಯನ್ನು ಕೂಡಿ, ದೂರದ ಮೂಡಣ ಕಡಲಿಗೆ ಹೋಗುತ್ತದೆ.

ಸಮೀಪದ ಚೇಲಾವರದಲ್ಲಿ ಆಮೆಯ ಬೆನ್ನಿನಂತಹ ಬಂಡೆಯ ಮೇಲಿಂದ ಧುಮುಕುವ ಅಬ್ಬಿಯು ಮಳೆಗಾಲದ ಕೊನೆಯಲ್ಲಿ ರಮಣೀಯವಾಗಿರುತ್ತದೆ. ದೂರದಿಂದ ನೋಡಿ ಹಿಂದಿರುಗುವುದೇ ವಿವೇಕ. ಕಕ್ಕಬ್ಬೆಯ ಜೇನು ಒಂದು ಕಾಲದಲ್ಲಿ ದೇಶವಿಖ್ಯಾತವಾಗಿತ್ತು. ೧೯೯೦ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ಜೇನುಹುಳುಗಳಿಗೆ ತಗುಲಿದ ರೋಗದಿಂದ ಆ ಕಸುಬು ಬಹಳ ಕುಗ್ಗಿತು. ಇಂದು ಪೆಟ್ಟಿಗೆಯಿಟ್ಟು ಜೇನು ಸಾಕುವವರಿಂದ ನೇರವಾಗಿ ಕೊಂಡರೆ, ಕೊಳ್ಳುವವರಿಗೆ ಅಪ್ಪಟ ತುಪ್ಪವು ದೊರೆತೀತು, ಸಾಕುವವರಿಗೆ ಕಸುಬು ಉಳಿದೀತು.

ನಾಲ್ಕುನಾಡಿನ ಅರಮನೆಯು ಇಂದು ರಾಜ್ಯದ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಆದರೂ ಮರಕ್ಕೆ ಮಳೆಯು ಶತ್ರು. ಬಣ್ಣಕ್ಕೆ ಮನುಷ್ಯನ ಕೈ ಶತ್ರು. ಅರಸರು ಕ್ರೂರಿಗಳಾಗಿದ್ದರು, ಅವರ ಮನೆಯನ್ನು ಏಕೆ ಉಳಿಸಬೇಕೆಂದು ಕೇಳುವವರು ಉಂಟು. ಆ ಮನೆಯ ತೊಲೆಗಳನ್ನು ಅರಸರು ಹೊತ್ತವರಲ್ಲ, ಚಿತ್ರಗಳನ್ನು ಅರಸರು ಬರೆದವರಲ್ಲ. ಹೆಸರು ಉಳಿಯದ ಬಡಗಿಗಳ ಮತ್ತು ಚಿತ್ರಕಾರರ ಕೈಗೆಲಸವು ಅಲ್ಲಿದೆ. ನೋಡಲು ಹೋಗುವವರು ಗೋಡೆಯ ಮೇಲೆ ತಮ್ಮ ಹೆಸರನ್ನು ಕೆತ್ತದೆ ಬಂದರೆ, ಆ ಹೆಸರಿಲ್ಲದವರಿಗೆ ಸಲ್ಲಿಸತಕ್ಕ ಗೌರವವನ್ನು ಸಲ್ಲಿಸಿದಂತಾಗುವುದು.