ಟೂತ್‌ಪೇಸ್ಟ್‌ನಿಂದ ಸಕ್ಕರೆ ಬದಲಿಯವರೆಗೆ: ಹಲ್ಲಿಗೆ ಯಾವುದು ಹಿತ?

ಹಲ್ಲು ಹುಳುಕಾಗುವುದು ಹುಳುವಿನಿಂದಲ್ಲ. ನಾವು ತಿಂದ ಸಕ್ಕರೆ ಮತ್ತು ಪಿಷ್ಟವನ್ನು ಬಾಯಲ್ಲಿರುವ ಬ್ಯಾಕ್ಟೀರಿಯಾಗಳು ಆಮ್ಲವಾಗಿ ಮಾರ್ಪಡಿಸುತ್ತವೆ. ಹಲ್ಲಿನ ಮೇಲ್ಮೈಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್‌ನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗತೊಡಗುತ್ತವೆ. ಸ್ವಲ್ಪ ಸಮಯದ ನಂತರ ಜೊಲ್ಲು ಈ ಆಮ್ಲವನ್ನು ತಗ್ಗಿಸಿ, ಕಳೆದುಹೋದ ಖನಿಜವನ್ನು ಮರಳಿ ಸೇರಿಸುತ್ತದೆ. ಸೇರುವುದಕ್ಕಿಂತ ಕರಗುವುದೇ ಹೆಚ್ಚಾದಾಗ ಕುಳಿ ಬೀಳುತ್ತದೆ. ಆದ್ದರಿಂದ ಯಾವ ಪೇಸ್ಟ್ ಕೊಳ್ಳುತ್ತೇವೆ, ಎಷ್ಟು ಸಲ ಸಿಹಿ ತಿನ್ನುತ್ತೇವೆ ಎಂಬ ಎರಡೂ ಮುಖ್ಯ.

ಟೂತ್‌ಪೇಸ್ಟ್: ಹಿಂಬದಿ ಓದಿ

ಪೆಟ್ಟಿಗೆಯ ಮುಂಭಾಗದ ಜಾಹೀರಾತಿಗಿಂತ ಹಿಂಬದಿಯ ಸಣ್ಣ ಅಕ್ಷರಗಳು ಉಪಯುಕ್ತ. ಸೋಡಿಯಂ ಫ್ಲೋರೈಡ್ ಅಥವಾ ಸೋಡಿಯಂ ಮೊನೊಫ್ಲೋರೋಫಾಸ್ಫೇಟ್ ಎಂಬ ಹೆಸರನ್ನು ಹುಡುಕಿ. ಹುಳುಕು ತಡೆಯುತ್ತದೆ ಎಂಬುದಕ್ಕೆ ಅತ್ಯಂತ ಗಟ್ಟಿ ಪುರಾವೆ ಇರುವುದು ಫ್ಲೋರೈಡ್‌ಗೆ. ಭಾರತದ ನಿಯಮದಂತೆ ಟೂತ್‌ಪೇಸ್ಟ್‌ನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರಬಾರದು, ಅಂದರೆ ಒಂದು ಕಿಲೋ ಪೇಸ್ಟ್‌ನಲ್ಲಿ ಒಂದು ಗ್ರಾಂ. ಈ ಪ್ರಮಾಣವನ್ನು ಟ್ಯೂಬ್ ಮತ್ತು ಪೆಟ್ಟಿಗೆ ಎರಡರ ಮೇಲೂ ಮುದ್ರಿಸಬೇಕು. ವಯಸ್ಕರು ಈ ಮಿತಿಗೆ ಹತ್ತಿರವಿರುವ ಪೇಸ್ಟ್ ಆರಿಸಬಹುದು.

"ಹರ್ಬಲ್" ಎಂದು ಬರೆದಿದ್ದರೆ ಫ್ಲೋರೈಡ್ ಇದೆಯೇ ಎಂದು ನೋಡಿ, ಹಲವದರಲ್ಲಿ ಇರುವುದಿಲ್ಲ. ಟ್ಯೂಬಿನ ಬುಡದಲ್ಲಿರುವ ಬಣ್ಣದ ಪಟ್ಟಿ ಯಂತ್ರಕ್ಕೆ ಕತ್ತರಿಸುವ ಜಾಗ ತೋರಿಸುವ ಗುರುತು ಮಾತ್ರ. ಅದರಿಂದ ಪೇಸ್ಟ್ ನೈಸರ್ಗಿಕವೋ ರಾಸಾಯನಿಕವೋ ಎಂದು ತಿಳಿಯದು.

ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು. ದೊಡ್ಡವರು ಪಕ್ಕದಲ್ಲಿ ನಿಂತು ಉಗುಳಿಸಬೇಕು. ಮಲಗುವ ಮುನ್ನ ಉಜ್ಜುವುದನ್ನು ತಪ್ಪಿಸಬೇಡಿ.

ಫ್ಲೋರೈಡ್ ಅಪಾಯವಲ್ಲವೇ?

ಪಾವಗಡ, ಮುಂಡರಗಿ ಕಡೆಯವರು ಈ ಪ್ರಶ್ನೆ ಕೇಳುವುದು ಸಹಜ. ಅಲ್ಲಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದು, ಹಲ್ಲು ಕಂದುಗಟ್ಟಿದವರನ್ನು, ಮೂಳೆ ಬಾಗಿದವರನ್ನು ಜನ ಕಂಡಿದ್ದಾರೆ. ಆದರೆ ಫ್ಲೋರೋಸಿಸ್ ಬರುವುದು ವರ್ಷಗಟ್ಟಲೆ ಹೊಟ್ಟೆಗೆ ಹೋದ ಫ್ಲೋರೈಡ್‌ನಿಂದ. ಉಜ್ಜಿ ಉಗುಳುವ ಪೇಸ್ಟ್ ಹಲ್ಲಿನ ಮೇಲ್ಮೈಯಲ್ಲಿ ಕೆಲಸ ಮಾಡುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ನೀರು ಸಿಗದಿದ್ದಲ್ಲಿ 1.5 ಮಿಲಿಗ್ರಾಂ ಕೊನೆಯ ಮಿತಿ. ಪುಣೆ ನಗರಕ್ಕೆ ಮುಖ್ಯವಾಗಿ ಖಡಕ್‌ವಾಸ್ಲಾ ಅಣೆಕಟ್ಟಿನ ನೀರು ಬರುತ್ತದೆ. ಹೊರವಲಯದ ಬಡಾವಣೆಗಳಲ್ಲಿ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಕುಡಿಯುವವರು ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರಿನಲ್ಲಿ ಮಕ್ಕಳ ಪೇಸ್ಟ್ ಬಗ್ಗೆ ದಂತವೈದ್ಯರನ್ನು ಕೇಳಿ.

ಮಿಶ್ರಿ ಹಲ್ಲುಪುಡಿಯಲ್ಲ

ಮಹಾರಾಷ್ಟ್ರದಲ್ಲಿ ನೆಲೆಸಿರುವವರು ತಿಳಿದಿರಲೇಬೇಕಾದ ವಿಷಯ ಇದು. ಹೊಗೆಸೊಪ್ಪನ್ನು ಹೆಂಚಿನ ಮೇಲೆ ಕಪ್ಪಾಗುವವರೆಗೆ ಹುರಿದು ಮಾಡುವ ಪುಡಿಯೇ ಮಿಶ್ರಿ ಅಥವಾ ಮಶೇರಿ. ಬೀಡಿ, ಸಿಗರೇಟು ಮುಟ್ಟದ ಹೆಂಗಸರೂ ಬೆಳಗ್ಗೆ ಇದರಿಂದ ಹಲ್ಲುಜ್ಜುತ್ತಾರೆ. ಹಲ್ಲುನೋವು ಶಮನವಾದಂತೆ ಅನಿಸುತ್ತದೆ, ಆದರೆ ಒಸಡಿನ ಮೂಲಕ ನಿಕೋಟಿನ್ ರಕ್ತಕ್ಕೆ ಸೇರುತ್ತದೆ. ಒಂದು ಸಲದ ಅಭ್ಯಾಸ ಕ್ರಮೇಣ ದಿನಕ್ಕೆ ಹಲವು ಸಲವಾಗುತ್ತದೆ. ಬಾಯಿ ಕ್ಯಾನ್ಸರ್, ಒಸಡು ರೋಗ, ಗರ್ಭಿಣಿಯರಲ್ಲಿ ಮಗುವಿನ ತೂಕ ಕಡಿಮೆಯಾಗುವ ಅಪಾಯ ಇದಕ್ಕಿದೆ. ಟೂತ್‌ಪೇಸ್ಟ್ ಮತ್ತು ಹಲ್ಲುಪುಡಿಗಳಲ್ಲಿ ತಂಬಾಕು ಸೇರಿಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ. ಬಿಡಲು ನೆರವು ಬೇಕಿದ್ದರೆ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಇದ್ದಿಲು, ಇಟ್ಟಿಗೆಪುಡಿ, ಕಲ್ಲುಪ್ಪುಗಳಲ್ಲಿ ತಂಬಾಕು ಇಲ್ಲದಿದ್ದರೂ ಅವು ಎನಾಮಲ್ ಅನ್ನು ಸವೆಸುತ್ತವೆ.

ಮೌತ್‌ವಾಶ್ ಮತ್ತು ಜುಮ್ಮೆನ್ನುವ ಹಲ್ಲು

ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶ್ ಔಷಧ. ವೈದ್ಯರು ಹೇಳಿದಷ್ಟು ದಿನ ಮಾತ್ರ, ಸಾಮಾನ್ಯವಾಗಿ ಒಂದೆರಡು ವಾರ ಬಳಸಬೇಕು. ಹೆಚ್ಚು ದಿನ ಬಳಸಿದರೆ ಹಲ್ಲಿಗೆ ಕಂದು ಕಲೆ ಹತ್ತುತ್ತದೆ, ರುಚಿ ಕೆಡುತ್ತದೆ. ಪೇಸ್ಟ್‌ನಲ್ಲಿರುವ ನೊರೆಯ ಅಂಶ ಇದರ ಪರಿಣಾಮ ತಗ್ಗಿಸುವುದರಿಂದ, ಹಲ್ಲುಜ್ಜಿದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಟ್ಟು ಮುಕ್ಕಳಿಸಿ.

ಜುಮ್ಮೆನ್ನುವ ಹಲ್ಲಿಗೆ ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಸಿಗುತ್ತದೆ. ಫಲ ಕಾಣಲು ಎರಡು ವಾರವಾದರೂ ಬೇಕು. ಆನಂತರವೂ ಒಂದೇ ಹಲ್ಲು ನೋಯುತ್ತಿದ್ದರೆ ಕುಳಿ ಇರಬಹುದು.

ಬೆಲ್ಲ, ಜೇನು ವಾಸಿಯೇ?

ಹಲ್ಲಿನ ಮಟ್ಟಿಗೆ ಅಲ್ಲ. ಬೆಲ್ಲ, ಜೇನುತುಪ್ಪ, ಕಬ್ಬಿನ ಹಾಲು ಎಲ್ಲದರಲ್ಲೂ ಬ್ಯಾಕ್ಟೀರಿಯಾಗಳಿಗೆ ಬೇಕಾದ ಸಕ್ಕರೆ ಇದೆ. ಪ್ರಮಾಣದಷ್ಟೇ ಎಷ್ಟು ಸಲ ಎಂಬುದೂ ಮುಖ್ಯ. ಊಟದ ಜೊತೆ ಒಂದು ಹೋಳಿಗೆ ತಿಂದರೆ ಒಂದೇ ಆಮ್ಲದ ದಾಳಿ. ಅಮೃತತುಲ್ಯ ಅಂಗಡಿಯಲ್ಲಿ ದಿನಕ್ಕೆ ಐದು ಸಲ ಸಿಹಿ ಚಹಾ ಕುಡಿದರೆ ಐದು ದಾಳಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆ ಒಟ್ಟು 50 ಗ್ರಾಂ ಮೀರಬಾರದು. 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು.

ಸಕ್ಕರೆ ಬದಲಿಗಳು: ಸಂಖ್ಯೆ ನೋಡಿ ಗುರುತಿಸಿ

ಲೇಬಲ್‌ನಲ್ಲಿ ಇವನ್ನು ಐಎನ್‌ಎಸ್ ಸಂಖ್ಯೆಯಿಂದಲೂ ಸೂಚಿಸುತ್ತಾರೆ.

• ಕ್ಸೈಲಿಟಾಲ್ (967): ಹುಳುಕಿನ ಬ್ಯಾಕ್ಟೀರಿಯಾಗಳು ಇದರಿಂದ ಆಮ್ಲ ತಯಾರಿಸಲಾರವು. ಊಟದ ನಂತರ ಇದರ ಚೂಯಿಂಗ್ ಗಮ್ ಅಗಿದರೆ ಜೊಲ್ಲು ಹೆಚ್ಚುತ್ತದೆ. ಅತಿಯಾದರೆ ಭೇದಿಯಾಗುತ್ತದೆ. ನಾಯಿಗಳಿಗೆ ಇದು ವಿಷ.
• ಸಾರ್ಬಿಟಾಲ್ (420): ಬಹಳ ನಿಧಾನವಾಗಿ ಮಾತ್ರ ಆಮ್ಲವಾಗುತ್ತದೆ. ಇದೂ ಹೆಚ್ಚಾದರೆ ಹೊಟ್ಟೆ ಉಬ್ಬರ.
• ಸುಕ್ರಲೋಸ್ (955), ಸ್ಟೀವಿಯಾ (960): ಹುಳುಕು ತರುವುದಿಲ್ಲ. ಆದರೆ ಪುಡಿ ರೂಪದಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ಬೆರೆಸಿರಬಹುದು, ಅದು ಆಮ್ಲವಾಗಬಲ್ಲದು.
• ಆಸ್ಪರ್ಟೇಮ್ (951): ಹುಳುಕು ತರುವುದಿಲ್ಲ. ಫೀನೈಲ್‌ಕೀಟೋನ್ಯೂರಿಯಾ ಇರುವವರು ಬಳಸಬಾರದು. ಬಿಸಿಗೆ ಒಡೆಯುವುದರಿಂದ ಅಡುಗೆಗೆ ಒಗ್ಗದು.

ಸಕ್ಕರೆರಹಿತ ತಂಪು ಪಾನೀಯದಿಂದ ಹುಳುಕು ಬಾರದಿದ್ದರೂ ಅದರಲ್ಲಿರುವ ಆಮ್ಲ ಎನಾಮಲ್ ಸವೆಸುತ್ತದೆ. ತೂಕ ಇಳಿಸಲು ಸುಕ್ರಲೋಸ್, ಸ್ಟೀವಿಯಾದಂಥ ಬದಲಿಗಳನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ನೀಡಿದೆ. ಈಗಾಗಲೇ ಮಧುಮೇಹ ಇರುವವರಿಗೆ ಈ ಸಲಹೆ ಅನ್ವಯಿಸದು. ಅವರು ತಮ್ಮ ವೈದ್ಯರ ಮಾತು ಕೇಳಬೇಕು.

ಸಿರಪ್‌ನಲ್ಲೂ ಸಕ್ಕರೆ

ಹಲವು ಸಿರಪ್‌ಗಳು ಸಕ್ಕರೆ ಪಾಕದಲ್ಲೇ ತಯಾರಾಗುತ್ತವೆ. ಪದೇಪದೇ ಔಷಧ ಬೇಕಾಗುವ ಮಗುವಿಗೆ ಸಕ್ಕರೆರಹಿತ ಸಿರಪ್ ಇದೆಯೇ ಎಂದು ಕೇಳಿ. ರಾತ್ರಿ ಹಲ್ಲುಜ್ಜುವ ಮೊದಲೇ ಕೊಡಿ. ತಡವಾದರೆ ನೀರಿನಿಂದ ಬಾಯಿ ಮುಕ್ಕಳಿಸಲು ಹೇಳಿ.

ದಂತವೈದ್ಯರನ್ನು ಯಾವಾಗ ಕಾಣಬೇಕು?

ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಅಥವಾ ಕಪ್ಪು ಚುಕ್ಕೆ, ಒಸಡಿನಲ್ಲಿ ರಕ್ತ, ಮುಖದ ಊತ ಕಂಡರೆ ತಡಮಾಡಬೇಡಿ. ಎರಡು ವಾರವಾದರೂ ಮಾಯದ ಹುಣ್ಣು, ಬಾಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಕಷ್ಟ ಇದ್ದರೆ ತಕ್ಷಣ ತೋರಿಸಿ. ಮಿಶ್ರಿ, ಗುಟ್ಕಾ ಬಳಸಿದವರಿಗೆ ಇದು ಇನ್ನೂ ಮುಖ್ಯ. ನೋವಿನ ಮಾತ್ರೆ ನೋವನ್ನು ಮರೆಸುತ್ತದೆ, ಕುಳಿಯನ್ನು ಮುಚ್ಚುವುದಿಲ್ಲ.